ಮಾಸ್ತರರ ಅಂಗಡಿಗೆ ನಾನು ಬರೆದ ಬೋರ್ಡು

ಕಳೆದ ವಾರ ನಾನೊಂದು ಅಂಗಡಿಯ ಮೇಲೆ ದಾಳಿ ಮಾಡಿದೆ. ಬಂದೂಕು ಬೇಕಾಗಲಿಲ್ಲ. ಒಂದು ಬ್ರಶ್ಶು, ಅರ್ಧ ಡಬ್ಬಿ ಕೆಂಪು ಬಣ್ಣ ಸಾಕಾಯಿತು. ನಾಲ್ಕು ದಿನ ಒಬ್ಬನೇ ಒಬ್ಬ ಗಿರಾಕಿ ಅತ್ತ ಸುಳಿಯಲಿಲ್ಲ.

ಅಂಗಡಿ ಯಾರದು? ಮೊದಲ ಸಲ ನನ್ನ ಕೈಗೆ ಲೇಖನಿ ಕೊಟ್ಟ ಗುರುಗಳದು. (ಗುರುದಕ್ಷಿಣೆ ಎಂದರೆ ಹೀಗಿರಬೇಕು.)

ಗೊತ್ತಿಲ್ಲದವರಿಗಾಗಿ ನನ್ನ ಮಹಾನ್ ಕಲಾಜೀವನವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಹತ್ತನೇ ವಯಸ್ಸಿನಲ್ಲಿ ಕಮಲಾಪುರದ ಶಾಲೆಯ ಗೋಡೆಗೆ ಇದ್ದಿಲಿನಿಂದ ನಮ್ಮ ಉರ್ದು ಮಾಸ್ತರರ ಚಿತ್ರ ಬರೆದೆ. ದಾರ ಕಟ್ಟಿದ ಚಾಳೀಸು, ಮೇಲೇರಿದ ಒಂದು ಹುಬ್ಬು, ಮೊರದಗಲದ ಕಿವಿ, ಬಗಲಲ್ಲಿ ಬೆತ್ತ. ಯಾರ ಚಿತ್ರವೇ ಇರಲಿ, ಬರೆಯುವ ಮೊದಲು ಅವರಂತೆ ನಾಲ್ಕು ಹೆಜ್ಜೆ ನಡೆಯುವುದು, ಅವರಂತೆ ಗಂಟಲು ಸರಿಮಾಡಿಕೊಳ್ಳುವುದು ನನ್ನ ಪದ್ಧತಿ. ಆಗ ಮುಖ ತಾನಾಗಿ ಕೈಗೆ ಸಿಗುತ್ತಿತ್ತು. ಅಂದು ನಾನು ಗಂಟಲು ಸರಿಮಾಡಿಕೊಂಡಾಗ ಹಿಂದಿನಿಂದಲೂ ಅದೇ ಸದ್ದು ಬಂತು. ತಿರುಗಿದರೆ ಮಾಸ್ತರರು! ಹನ್ನೆರಡು ಏಟು. ಮರುದಿನ ಅದೇ ಕೈಯಿಂದ ಬಿದಿರಿನ ಲೇಖನಿ ಕೆತ್ತಿಕೊಟ್ಟು ಅಕ್ಷರ ತಿದ್ದಿಸಿದರು.

ಆಮೇಲೆ ನಿಜಾಮರ ಆಳ್ವಿಕೆ ಮುಗಿಸಿದ ಪೊಲೀಸ್ ಕಾರ್ಯಾಚರಣೆ ಬಂತು. ಹುಮನಾಬಾದ ರಸ್ತೆಯಲ್ಲಿ ಮಿಲಿಟರಿ ಲಾರಿಗಳು ಬಂದು ನಿಂತಾಗ ಊರವರೆಲ್ಲ ಬಾಗಿಲು ಹಾಕಿಕೊಂಡರೆ, ನಾನು ದಪ್ಪ ಮೀಸೆಯ ಸುಬೇದಾರನೊಬ್ಬನ ಚಿತ್ರ ಬರೆದೆ. ಸಿಕ್ಕಿಬಿದ್ದೆ. ಆತ ಹೊಡೆಯಲಿಲ್ಲ. ಅದಕ್ಕಿಂತ ಕಠಿಣ ಶಿಕ್ಷೆ ಕೊಟ್ಟ. ಫೌಜಿಗೆ ಭರ್ತಿ ಮಾಡಿಸಿದ.

ಆರು ವರ್ಷ ಮಿಲಿಟರಿ ಆರ್ಟಿಸ್ಟ್! ನಾನು ಯುದ್ಧದ ದೃಶ್ಯಗಳನ್ನು ಬಿಡಿಸುತ್ತಿದ್ದೇನೆಂದು ಮನೆಯವರು ತಿಳಿದಿದ್ದರು. ನಾನು ಬರೆದದ್ದು ಲಾರಿಗಳ ನಂಬರು, ನಕಾಶೆಯ ಬಾಣ, ಬಂದೂಕಿನ ಭಾಗಗಳ ಚಾರ್ಟು, ‘ಒಳಗೆ ಬರಬಾರದು’ ಎಂಬ ಬೋರ್ಡು. ಮನುಷ್ಯನ ಚಿತ್ರವನ್ನೂ ಬರೆದಿದ್ದೇನೆ, ಸುಳ್ಳು ಹೇಳಬಾರದು. ಟಾರ್ಗೆಟ್ ಹಲಗೆಯ ಮೇಲೆ. ಕಣ್ಣು ಮೂಗು ಬೇಡ, ಎದೆಯ ಮೇಲೆ ಗುಂಡಗಿನ ಗುರುತು ಇದ್ದರೆ ಸಾಕು ಎಂದು ಆರ್ಡರಿತ್ತು. ಅದಕ್ಕೇ ಪ್ರಮೋಷನ್ನೂ ಸಿಕ್ಕಿತು.

ಈಗ ಮರಳಿ ಬಂದಿದ್ದೇನೆ. ಅಷ್ಟರಲ್ಲಿ ಶಾಲೆಯ ಭಾಷೆ ಉರ್ದು ಹೋಗಿ ಕನ್ನಡವಾಗಿ ಮಾಸ್ತರರ ನೌಕರಿ ಹೋಗಿದೆ. ಕಲಬುರಗಿಯ ಗಲ್ಲಿಯೊಂದರಲ್ಲಿ ಪಾಟಿ, ಬಳಪ, ಮಸಿಯ ಅಂಗಡಿ ಇಟ್ಟಿದ್ದಾರೆ. ಶಾಲೆ ಶುರುವಾಗುವ ಈ ಹದಿನೈದು ದಿನದ ವ್ಯಾಪಾರವೇ ಅವರ ವರ್ಷದ ಅನ್ನ.

“ಕನ್ನಡದಾಗ ಒಂದು ಬೋರ್ಡ್ ಬರ್ದು ಕೊಡೋ ಮಿಯಾ,” ಎಂದರು. “ನನಗ ಮಾತಾಡ್ಲಿಕ್ಕ ಬರ್ತದ, ಬರೀಲಿಕ್ಕ ಬರಲ್ಲ.”

ಬರೆದೆ. ಬಿಳಿ ಹಲಗೆ, ಕಪ್ಪು ಅಂಚು, ರಕ್ತಗೆಂಪು ಅಕ್ಷರ. ಸ್ಕೇಲಿಟ್ಟು, ಸ್ಟೆನ್ಸಿಲ್ ಕತ್ತರಿಸಿ, ದುಂಡಗಿನ ಕನ್ನಡದ ಅಕ್ಷರಗಳನ್ನೆಲ್ಲ ಅಟೆನ್ಷನ್‌ನಲ್ಲಿ ನಿಲ್ಲಿಸಿದೆ. ‘ಪಾಟಿ ಬಳಪ ಇಲ್ಲಿ ಸಿಗುತ್ತವೆ.’ ಕೆಳಗೊಂದು ಬಾಣ. ನನಗೆ ನಾನೇ ಸೆಲ್ಯೂಟ್ ಹೊಡೆದುಕೊಂಡು ಊರಿಗೆ ಹೋದೆ.

ಐದನೆಯ ದಿನ ಬಂದು ನೋಡಿದರೆ, ತಾಜಸುಲ್ತಾನಪುರದ ಹೆಣ್ಣುಮಗಳೊಬ್ಬಳು ಮಗಳ ಕೈಹಿಡಿದು ಗಲ್ಲಿಯ ಮೂಲೆಯಲ್ಲೇ ನಿಂತಿದ್ದಳು.

“ಯಣ್ಣಾ, ಇಲ್ಲಿ ಪಾಟಿ ಅಂಗಡಿ ಎಲ್ಲ್ಯದ?”

“ಅದೇ ಅಲ್ಲೇನವ್ವಾ, ಕಣ್ಣಮುಂದ.”

“ಅದು ಮಿಲಿಟ್ರಿಯವರ್ದು! ಬೋರ್ಡ್ ಕಾಣಲ್ದೇನ್ ನಿನಗ? ನಮ್ಮ ಮಾವ ಎಮ್ಮಿ ಹುಡುಕ್ಕೋತ ಅಂಥದೇ ಬೋರ್ಡ್ ದಾಟಿ ಹೋಗಿ, ಸಂಜೀತನಕ ಅವರ ಕ್ಯಾಂಪಿನಾಗ ಕುಂತಿದ್ದ.”

ಆಕೆಗೆ ಓದಲು ಬಾರದು. ಓದಲು ಬಂದವರೂ ಹತ್ತಿರ ಹೋಗಿ ಓದುವ ಧೈರ್ಯ ಮಾಡಿರಲಿಲ್ಲ!

ಒಳಗೆ ಮಾಸ್ತರರು ಪಾಟಿಗಳ ಧೂಳು ಒರೆಸುತ್ತಿದ್ದರು. ಅದೇ ಪಾಟಿಗಳು, ನಾಲ್ಕು ದಿನದಿಂದ. ನಾನು ತಲೆ ತಗ್ಗಿಸಿ ವಿಷಯ ಹೇಳಿದೆ.

“ಅರೇ ವ್ಹಾ! ಫೌಜಿನಾಗ ಭಾಳ ಕಲ್ತು ಬಂದೀ,” ಎಂದರು. ಬೋರ್ಡು ಇಳಿಸಿದರು. ಒಲೆಯಿಂದ ಒಂದು ಇದ್ದಿಲು ತಂದು ನನ್ನ ಕೈಗಿಟ್ಟರು. “ಗ್ವಾಡಿ ಮ್ಯಾಲ ನನ್ನ ಚಿತ್ರ ತೆಗಿ. ಅದೇ, ಹನ್ನೆರಡು ಏಟಿಂದು.”

ನಾನು ಜೇಬಿನಿಂದ ಸ್ಕೇಲ್ ತೆಗೆದೆ. ಗೋಡೆಯ ಮೇಲೆ ಮೂಡಿದ್ದೇನು? ದುಂಡು ತಲೆ, ಚೌಕ ಭುಜ. ಟಾರ್ಗೆಟ್!

“ಎದಿಗಿ ಗುಂಡು ಹೊಡೀತಿ ಏನೋ ನನಗ?” ಮಾಸ್ತರರು ಸ್ಕೇಲ್ ಕಸಿದು ಬೀದಿಗೆಸೆದರು. “ಮೊದಲ ನಡೀ. ನನ್ನಂಗ ನಡೀ.”

ನಡೆದೆ. ಹಾಡುಹಗಲು, ನಡುಬೀದಿ, ಇಪ್ಪತ್ನಾಲ್ಕು ವರ್ಷದ ಗಂಡಸು! ಬಿದ್ದ ಸ್ಕೇಲನ್ನೇ ಬೆತ್ತದಂತೆ ಬಗಲಿಗೆ ಸಿಕ್ಕಿಸಿಕೊಂಡು, ಹುಬ್ಬೇರಿಸಿ, ಗಂಟಲು ಸರಿಮಾಡಿಕೊಂಡೆ. ಹುಡುಗರು ಸೇರಿದರು, ನಕ್ಕರು. ಆ ತಾಯಿಯ ಮಗಳು ಕೈ ಬಿಡಿಸಿಕೊಂಡು ಓಡಿ ಬಂದಳು. ಗೋಡೆಯ ಮೇಲೆ ಮೊದಲು ಹುಬ್ಬು ಬಂತು. ಆಮೇಲೆ ಚಾಳೀಸು, ಕಿವಿ.

“ಅಜ್ಜಾ, ಇದು ನೀವೇ ಹೌದಲ್ರೀ?” ಎಂದಳು ಹುಡುಗಿ.

“ಕಿವಿ ಅಷ್ಟು ದೊಡ್ಡವಿಲ್ಲ ನನ್ನವು,” ಎಂದು ಗೊಣಗುತ್ತಲೇ ಮಾಸ್ತರರು ಆಕೆಗೆ ಪಾಟಿ ತೆಗೆದುಕೊಟ್ಟರು. ತಾಯಿಯೂ ಮೆಲ್ಲಗೆ ಹೊಸ್ತಿಲು ದಾಟಿದಳು. ಸಂಜೆಯೊಳಗೆ ಪಾಟಿಗಳ ಅರ್ಧ ಸಾಲು ಖಾಲಿಯಾಗಿತ್ತು.

ನನ್ನ ಆರು ವರ್ಷದ ವಿದ್ಯೆಯೇನೂ ವ್ಯರ್ಥವಾಗಲಿಲ್ಲ. ಆ ಬೋರ್ಡನ್ನು ಕಮಲಾಪುರದ ನಮ್ಮ ಮನೆ ಬಾಗಿಲಿಗೆ ಹೊಡೆದಿದ್ದೇನೆ. ಮೂರು ದಿನವಾಯಿತು, ಒಬ್ಬ ನೆಂಟನೂ ಬಂದಿಲ್ಲ. ನಿಮಗೂ ಒಂದು ಬರೆದುಕೊಡಲೇ?