ಬೋಲ್ಟಿನ ಕೆಳಗಿನ ಬಣ್ಣ

ಬಣ್ಣದ ಡಬ್ಬಿ ಹಿಡಿದ ಮನುಷ್ಯನನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಬಾಗಿಲಿಗೆ ಬಳಿಯಲಿ, ಎತ್ತಿನ ಕೊಂಬಿಗೆ ಬಳಿಯಲಿ, ನನ್ನ ತಕರಾರಿಲ್ಲ. ಯಂತ್ರದ ಕಡೆ ಹೊರಟನೋ, ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಮೋಟಾರು ನೋಡಿಕೊಂಡೇ ಮುದುಕನಾದ ನನಗೆ ತಡೆಯಲಾಗದು.

ಈ ಸಿಟ್ಟಿನ ಮೂಲಪುರುಷ ಮೊಳಕಾಲ್ಮೂರಿನಲ್ಲಿರುವ ನನ್ನ ತಂಗಿಯ ಗಂಡ ತಿಪ್ಪೇಸ್ವಾಮಿ. ತಂಗಿ ಗೌರಮ್ಮ ರೇಷ್ಮೆ ಸೀರೆ ನೇಯುವವಳು. ಮಗ್ಗ ತುಳಿದು ತುಳಿದು ಅವಳ ಮಂಡಿ ಸವೆದವು. ತುಳಿಯುವುದನ್ನು ಬಿಡು ಎಂದರು ಡಾಕ್ಟರು. ನೇಯುವುದನ್ನು ಬಿಡಲಾರೆ ಎಂದಳು ಇವಳು. ಹೀಗಾಗಿ ಎಳೆ ಎತ್ತಲು ಒಂದು ಮೋಟಾರು, ಯಾವ ಎಳೆ ಎತ್ತಬೇಕೆಂದು ಹೇಳಲು ಒಂದು ಎಲೆಕ್ಟ್ರಾನಿಕ್ ಪೆಟ್ಟಿಗೆ ಬಂದವು. ತಂಗಿಯ ಮಂಡಿ ಉಳಿಯಿತು, ವರ್ಷ ಕಳೆದಂತೆ ಹಂಸಗಳ ಕತ್ತು ಹೋಯಿತು. ಸೀರೆಯಂಚಿನಲ್ಲಿ ಒಂದು ಹಂಸಕ್ಕೆ ಕತ್ತಿಲ್ಲ, ಪಕ್ಕದ್ದಕ್ಕೆ ಎರಡು ಕೊಕ್ಕು.

ದೃಷ್ಟಿ ತಾಗಿದೆಯೆಂದು ತಿಪ್ಪೇಸ್ವಾಮಿ ಮೋಟಾರಿಗೆ ನಿಂಬೆಹಣ್ಣು ಕಟ್ಟಿದ. ಹಂಸಗಳು ಸುಧಾರಿಸಲಿಲ್ಲ. "ಇದನ್ನ ಕಿತ್ತಾಕ್ತೀನಣ್ಣ. ಮೊದಲಿನಂಗೆ ತುಳೀತೀನಿ, ಮಂಡಿ ಹೋದ್ರೆ ಹೋಗ್ಲಿ" ಎಂದು ತಂಗಿ ಫೋನಿನಲ್ಲಿ ಅತ್ತಾಗ ನಾನು ಬಸ್ಸು ಹತ್ತಿದೆ.

ಮೋಟಾರೆಂದರೆ ಕುರಿಸಂತೆಯ ದಲ್ಲಾಳಿ. ಕೂಗಾಡದೆ ಕೆಲಸ ಮಾಡಲಾರದು. ಪೆಟ್ಟಿಗೆಗೆ ಹೋಗುವ ಸಣ್ಣ ವೈರಿನದು ಪಿಸುಮಾತು. ಈ ಗದ್ದಲದಲ್ಲಿ ಅದು ತಪ್ಪಾಗಿ ಕೇಳಿಸಿದರೆ ಪೆಟ್ಟಿಗೆ ತಪ್ಪು ಎಳೆ ಎತ್ತಿಸುತ್ತದೆ. ಹಾಗಾಗದಿರಲೆಂದೇ ಬಲ್ಲವರು ಆ ಸಣ್ಣ ವೈರಿಗೆ ತಾಮ್ರದ ಜಾಲರಿಯ ಅಂಗಿ ತೊಡಿಸಿದ್ದಾರೆ. ಆದರೆ ಜಾಲರಿ ಹಿಡಿದ ಗದ್ದಲವನ್ನು ಭೂಮಿಗೆ ಇಳಿಸಲೇಬೇಕು. ಅದಕ್ಕಾಗಿ ಜಾಲರಿಯ ಬಾಲವನ್ನು ಯಂತ್ರದ ಕಬ್ಬಿಣಕ್ಕೂ ಕಬ್ಬಿಣವನ್ನು ಹಿತ್ತಲಿನ ಅರ್ಥಿಂಗ್ ಗುಂಡಿಗೂ ಸೇರಿಸುತ್ತಾರೆ.

ಎಲ್ಲವೂ ಇತ್ತು. ಜಾಲರಿ ಇತ್ತು, ಬಾಲ ಇತ್ತು, ಗುಂಡಿಗೆ ನೀರನ್ನೂ ಹಾಕಿದ್ದರು. ಬಾಲ ಬಿಗಿದ ಬೋಲ್ಟಿನ ಕೆಳಗೆ ಕಬ್ಬಿಣವೊಂದನ್ನು ಬಿಟ್ಟು ಹಸಿರು, ಅದರಡಿ ನೀಲಿ, ಅದರಡಿ ಕೆಂಪು ಇದ್ದವು. ಪ್ರತಿ ಆಯುಧಪೂಜೆಗೂ ಈ ಮಹಾನುಭಾವ ಭಕ್ತಿಯಿಂದ ಬೋಲ್ಟು ಬಿಚ್ಚಿ, ಬಣ್ಣ ಬಳಿದು, ಅಷ್ಟೇ ಭಕ್ತಿಯಿಂದ ಬಿಗಿದಿದ್ದ!

"ಬಣ್ಣದಾಗೆ ಕರೆಂಟು ಹರಿಯಲ್ಲ ಕಣಲೇ!"

"ಹಬ್ಬದ ದಿನ ಮಿಷನ್ನು ಬೋಳು ಇಟ್ಕಂಡ್ರೆ ನೋಡ್ದೋರು ಏನಂತಾರೆ ಬಾವ?"

"ಕತ್ತಿಲ್ಲದ ಹಂಸ ನೋಡಿ ಏನಂತಾರಂತೆ?"

ಚಾಕು ತೆಗೆದು ಕಬ್ಬಿಣ ಹೊಳೆಯುವವರೆಗೂ ಕೆರೆದೆ. ದೇವರ ತಲೆ ಬೋಳಿಸುವವನನ್ನು ನೋಡುವಂತೆ ಅವನು ನನ್ನನ್ನು ನೋಡಿದ. ಅಂದೇ ಹಂಸಗಳಿಗೆ ಕತ್ತು ಬಂತು.

ಈ ವರ್ಷ ಹಬ್ಬದ ಮಾರನೆಯ ದಿನ ತಿಪ್ಪೇಸ್ವಾಮಿ ಫೋಟೋ ಕಳಿಸಿದ: "ನೀವು ಹೇಳಿದ್ದು ಮರ್ತಿಲ್ಲ ಬಾವ, ಗುರ್ತು ಮಾಡೀನಿ." ನೋಡಿದರೆ, ಕೆರೆದ ಜಾಗದಲ್ಲೇ, ಬೋಲ್ಟಿನ ಅಡಿ ಮುಡಿ ಸೇರಿಸಿ, ಹಳದಿ ಎನಾಮಲ್ಲಿನಲ್ಲಿ ಬರೆದಿದ್ದಾನೆ: "ಇಲ್ಲಿ ಬಣ್ಣ ಹಚ್ಚಬಾರದು."

ಮತ್ತೆ ಬಸ್ಸು. ದಾರಿಯ ತಳಕು ಊರು ದಾಟುವಷ್ಟರಲ್ಲಿ ಬೈಗುಳಗಳೆಲ್ಲ ಸಾಲಾಗಿ ನಿಂತಿದ್ದವು. ಮನೆ ಹೊಕ್ಕರೆ ಮೋಟಾರು ಓಡುತ್ತಿದೆ, ತಂಗಿ ಕಾಲು ಚಾಚಿಕೊಂಡು ನೇಯುತ್ತಿದ್ದಾಳೆ, ನೆಲದ ಮೇಲೆ ಹಳದಿ ಚೂರುಗಳು.

"ನಾನೇ ಕೆರೆದೆ ಕಣಣ್ಣ. ಬೈಯಾಕೆ ಬಂದಿದ್ರೆ ಮುದ್ದೆ ಉಂಡು ಬೈ."

ಮುದ್ದೆ ಉಂಡವನಿಗೆ ಬೈಯುವುದು ಎಷ್ಟು ಕಷ್ಟವೆಂದು ಅವಳಿಗೆ ಗೊತ್ತು. ಅಷ್ಟರಲ್ಲಿ ತಿಪ್ಪೇಸ್ವಾಮಿ ಡಬ್ಬಿ ಹಿಡಿದು ಬಂದ. "ಅಕ್ಷರ ಹೋಗ್ಯಾವೆ ಬಾವ. ತಿರುಗಿ ಬರೀಲಾ?"

"ಗೋಡೆ ಮ್ಯಾಲೆ ಬರಿಯಲೇ!" ಎಂದು ಕಿರುಚಿದೆ.

ಬರೆದ. ಮೊನ್ನೆ ಸುಣ್ಣ ಬಳಿಯಲು ಬಂದವನು ಅದನ್ನು ಓದಿಕೊಂಡು ವಾಪಸ್ಸು ಹೋದನಂತೆ. ಗೋಡೆ ಮಾಸುತ್ತಿದೆ, ತಂಗಿಯ ಮಂಡಿ ನೆಟ್ಟಗಿವೆ. ಇನ್ನು ಸಿಟ್ಟಾಗಲು ನನಗೇನೂ ಉಳಿದಿಲ್ಲ ಎಂಬುದೊಂದೇ ಈಗಿನ ಸಿಟ್ಟು.