ಕಾಲಿರುವ ಮೀನು, ದೊಡ್ಡತಾಯಮ್ಮನ ಕೈಗುಣ

ಸಂತೆಬಾಚಹಳ್ಳಿಯ ಕಡೆ ಯಾರ ಕಾಲಿಗೆ ಕುಡುಗೋಲು ತಾಗಲಿ, ಯಾವ ಎತ್ತಿನ ಕೊಂಬು ಮುರಿಯಲಿ, ಮೊದಲು ನೆನಪಾಗುತ್ತಿದ್ದವಳು ಕೆಂಪಣ್ಣನ ಹೆಂಡತಿ ದೊಡ್ಡತಾಯಮ್ಮ. ಅವಳ ಕೈಗುಣ ಅಂಥದು. ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿಸಿಕೊಂಡವರೂ ಒಮ್ಮೆ ಅವಳ ಜಗಲಿಗೆ ಬಂದು ಮುಟ್ಟಿಸಿಕೊಂಡು ಹೋಗುತ್ತಿದ್ದರು. ಹೊಗಳಿಕೆ ಅವಳಿಗೂ ಬೇಡವಾಗಿರಲಿಲ್ಲ ಬಿಡಿ.

ತೊಂಬತ್ತಾರರಲ್ಲಿ ಮೈಸೂರಿನಿಂದ ಬಂದ ಸೊಸೆ ರಂಜಿತ, ಒಡವೆಯ ಜೊತೆ ಒಂದು ಗಾಜಿನ ತೊಟ್ಟಿಯನ್ನೂ ತಂದಳು. ಅದರಲ್ಲಿ ಆಕ್ಸೊಲಾಟಲ್ ಎಂಬ ಎರಡು ಬಿಳಿ ಜೀವಗಳು: ನಾಲ್ಕು ಕಾಲು, ಮೀನಿನ ಬಾಲ, ಕತ್ತಿನ ಎರಡೂ ಕಡೆ ಕೆಂಪು ಗರಿಯಂಥ ಕಿವಿರು. ಊರವರು ಕಾಲಿರುವ ಮೀನು ಎಂದರು. ನಾಗಮಂಗಲದ ಶಾಲೆಯಲ್ಲಿ ಟೀಚರಾಗಿದ್ದ ರಂಜಿತ ದಿನಾ ಅವಕ್ಕೆ ಎರೆಹುಳ ಹಾಕಿಯೇ ಬಸ್ಸು ಹತ್ತುತ್ತಿದ್ದಳು.

ಕಾರ್ತಿಕದಲ್ಲೊಂದು ದಿನ ತಡವಾಯಿತೆಂದು ಹುಳ ಹಾಕದೆ ಓಡಿದಳು. ಮಧ್ಯಾಹ್ನ ದೊಡ್ಡತಾಯಮ್ಮ ನೋಡುತ್ತಾಳೆ, ಹಸಿದ ದೊಡ್ಡದು ಚಿಕ್ಕದರ ಮುಂಗಾಲನ್ನೇ ಕಿತ್ತುಹಾಕಿದೆ. ಗಾಯ ಕಂಡ ಮೇಲೆ ಅವಳ ಕೈ ಕೇಳುತ್ತದೆಯೇ? ಚಿಕ್ಕದನ್ನು ಹಿಡಿದೆತ್ತಿ, ಗಾಯದ ತುಂಬ ಅರಿಶಿನ ಮೆತ್ತಿ, ಬಕೆಟ್ಟಿನ ನೀರಿಗೆ ಬಿಟ್ಟಳು.

ನೀರು ಹಳದಿಯಾಯಿತು. ಅದು ಹೊರಳಾಡಿ, ಬಕೆಟ್ಟಿಗೆ ಮೂತಿ ಬಡಿದುಕೊಂಡು, ಪಕ್ಕಕ್ಕೆ ವಾಲಿ ತೇಲಿತು. ಕೆಂಪು ಗರಿಗಳು ಮುದುಡಿದವು. ದೊಡ್ಡತಾಯಮ್ಮ ಆ ನೀರನ್ನು ಚೆಲ್ಲಿ ಬಾವಿ ನೀರು ಹುಯ್ದಳು, ಮತ್ತೆ ಚೆಲ್ಲಿದಳು, ಮತ್ತೆ ಹುಯ್ದಳು. ಸೊಸೆಗೆ ಏನು ಹೇಳುವುದು ಎಂಬುದಕ್ಕಿಂತ, ತನ್ನ ಕೈಯಲ್ಲೇ ಒಂದು ಜೀವ ಹೋಗುತ್ತಿದೆಯಲ್ಲ ಎಂಬ ಭಯವೇ ದೊಡ್ಡದಾಗಿತ್ತು. ಸಂಜೆ ಸೊಸೆಯ ಬಸ್ಸು ಬರುವವರೆಗೂ ಬಕೆಟ್ಟಿನ ಪಕ್ಕ ಬಿಟ್ಟು ಏಳಲಿಲ್ಲ.

“ನಾನೇ ಅರಿಸ್ನ ಮೆತ್ಬುಟ್ಟೆ ಕಣವ್ವ. ಈಗೇನ್ ಮಾಡ್ಲಿ ಯೇಳು.”

ರಂಜಿತ ಬಕೆಟ್ಟಿಗೆ ಬಾಗಿ ನೋಡಿದಳು. ಬೈಯಲಿಲ್ಲ. ಮತ್ತೊಮ್ಮೆ ನೀರು ಬದಲಾಯಿಸಿದಳು. “ಹುಳ ಹಾಕ್ದೆ ಹೋದೋಳು ನಾನು. ನೀವಿನ್ನು ಏನೂ ಮಾಡ್ಬೇಡಿ ಅತ್ತೆ. ಬದುಕಿದ್ರೆ ಕಾಲು ತಾನೇ ಬೆಳೆಯುತ್ತೆ.”

“ಕಿತ್ತೋದ ಕಾಲು ಬೆಳೀತದಾ?”

“ಮುಟ್ಟದೆ ಇದ್ರೆ.”

ಸುಮ್ಮನಿರುವುದಕ್ಕಿಂತ ದೊಡ್ಡ ಶಿಕ್ಷೆ ದೊಡ್ಡತಾಯಮ್ಮನಿಗೆ ಇನ್ನೊಂದಿರಲಿಲ್ಲ. ಅದು ಹುಳ ಮೂಸಲಿಲ್ಲ, ಇವಳಿಗೆ ಮುದ್ದೆ ಇಳಿಯಲಿಲ್ಲ. ಕಬ್ಬು ಕಡಿಯುವಾಗ ಕಾಲು ಕೊಯ್ದುಕೊಂಡು ಬಂದ ಪಕ್ಕದ ಮನೆಯ ಚಿಕ್ಕಯ್ಯನನ್ನು, “ಆಸ್ಪತ್ರೆಗೆ ಓಗ್ಲಾ, ನನ್ ಕೈ ಬ್ಯಾಡ,” ಎಂದು ಬಾಗಿಲಿಂದಲೇ ಕಳಿಸಿದಳು.

ಕೊನೆಗೊಂದು ಬೆಳಿಗ್ಗೆ ಅದು ಹುಳ ನುಂಗಿತು. ಆಮೇಲೆ ಗಾಯದ ಜಾಗದಲ್ಲಿ ರಾಗಿಕಾಳಿನಷ್ಟು ಮೊಳಕೆ, ಸಂಕ್ರಾಂತಿ ಕಳೆಯುವ ಹೊತ್ತಿಗೆ ತುದಿಯಲ್ಲಿ ಪುಟ್ಟ ಬೆರಳುಗಳು. ದೊಡ್ಡತಾಯಮ್ಮ ಸಂತೋಷಕ್ಕೆ ಅತ್ತುಬಿಟ್ಟಳು. ಆದರೂ ಗಾಯವೆಂದು ಬಂದವರನ್ನು ಮಾತ್ರ ಹತ್ತಿರ ಸೇರಿಸಲಿಲ್ಲ.

ಒಂದು ಭಾನುವಾರ ಕುಂಬಳಕಾಯಿ ಹೆಚ್ಚುತ್ತಿದ್ದ ರಂಜಿತಳ ಹೆಬ್ಬೆರಳನ್ನು ಈಳಿಗೆಮಣೆ ಸೀಳಿತು. ರಕ್ತ ಸುರಿಸುತ್ತಲೇ ಅತ್ತೆಯ ಮುಂದೆ ಬಂದು ಕೂತಳು.

“ಆಸ್ಪತ್ರೆಗೆ ಓಗವ್ವ. ನನ್ ಕೈಲಾಗಕಿಲ್ಲ.”

“ನಾನು ಮೀನಲ್ಲ ಅತ್ತೆ,” ಎಂದಳು ರಂಜಿತ. “ನನ್ನ ಬೆರಳು ತಾನೇ ಬೆಳೆಯಲ್ಲ. ನೀವೇ ಕಟ್ಟಿ.”

ದೊಡ್ಡತಾಯಮ್ಮ ಸೊಸೆಯ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಬಟ್ಟೆ ಹರಿದಳು. ಮೊದಲ ಗಂಟು ಸಡಿಲಾಯಿತು, ಬಿಚ್ಚಿ ಮತ್ತೆ ಹಾಕಿದಳು. ಹಾಕಿ ಮುಗಿಸುವವರೆಗೂ ರಂಜಿತ ಬೆರಳನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.