ಉಪ್ಪುನೀರಿನ ತಲೆಗೆ ಕಟ್ಟಿದ್ದು

ಜಲಜಾಕ್ಷಿಯ ಅಪ್ಪೆಮಿಡಿ ಮಾವಿನ ಮರವನ್ನು ಸಾಯಿಸಿದವಳು ನಾನು. ರೋಗ ಬಂದು ಒಣಗಿದ್ದಲ್ಲ, ಗೆದ್ದಲು ಹತ್ತಿದ್ದಲ್ಲ. ಜಲಜಾಕ್ಷಿ ನಿನ್ನೆಯವರೆಗೂ ನಂಬಿಕೊಂಡಿದ್ದ ಹಾಗೆ ಅವಳ ಕೈಯಿಂದ ಆದದ್ದಂತೂ — ಅಲ್ಲವೇ ಅಲ್ಲ. ನಾನು. ಡ್ರಿಲ್ ಹಿಡಿದು ತೂತು ಕೊರೆದು, ಔಷಧಿ ಹೊಯ್ದು, ಏನೂ ಆಗದವಳ ಹಾಗೆ ಬಂದು ಗಿರಣಿಯ ಬಾಗಿಲು ತೆಗೆದು ಕೂತವಳು.

ಕೊಪ್ಪದ ಬಸ್ ಸ್ಟ್ಯಾಂಡಿನಿಂದ ಮೇಲಕ್ಕೆ ಹೋಗುವ ಓಣಿಯಲ್ಲಿ ನನ್ನದೊಂದು ಹಿಟ್ಟಿನ ಗಿರಣಿ ಇದೆ. ಅದರ ಹಿಂಗೋಡೆಗೆ ತಾಗಿಕೊಂಡೇ ಜಲಜಾಕ್ಷಿಯ ಹಿತ್ತಲು, ಗೋಡೆಯ ಪಕ್ಕದಲ್ಲೇ ಆ ಮರ. ಅದರ ಬೇರು ಗೋಡೆಯಡಿ ನುಸುಳಿ ಬಂದು ನನ್ನ ನೆಲವನ್ನು ಎತ್ತತೊಡಗಿತ್ತು. ಮೊದಲು ಸಣ್ಣ ಬಿರುಕು. ಆಮೇಲೆ ಮಷೀನು ಕೂರಿಸಿದ್ದ ಕಾಂಕ್ರೀಟ್ ಕಟ್ಟೆಯೇ ವಾಲಿತು. ಬೆಲ್ಟು ಕಳಚುತ್ತಿತ್ತು — ಬಸರೀಕಟ್ಟೆಯಿಂದ ಜೀಪಿನಲ್ಲಿ ಮೆಣಸಿನಕಾಯಿ ಹೊತ್ತು ತಂದವರು ಕಾಯುತ್ತ ಕೂತಾಗಲೇ ಕಳಚುತ್ತಿತ್ತು, ಹಾಳಾದ್ದು. ಎರಡು ಸಲ ಸಿಮೆಂಟು ಹಾಕಿಸಿದೆ. ಎರಡು ಸಲವೂ ಬೇರು ಅದನ್ನು ಒಡೆದುಕೊಂಡು ಮೇಲೆ ಬಂತು. ಗಿರಣಿ ನಿಂತರೆ ನನ್ನ ಮನೆಯ ಒಲೆ ಹೊತ್ತುವುದಿಲ್ಲ. ಇದನ್ನು ನೆವ ಮಾಡಿಕೊಂಡು ಹೇಳುತ್ತಿಲ್ಲ — ಹೇಳುತ್ತಿದ್ದೇನೋ ಏನೋ. ಬಿಡಿ.

ಓಣಿಯಲ್ಲಿ ಎಲ್ಲರಿಗೂ ನನ್ನ ಬಾಯಿಯೆಂದರೆ ಹೆದರಿಕೆ. ಅಕ್ಕಿ ಸರಿಯಾಗಿ ಒಣಗಿಸದೆ ತಂದರೆ ಯಾರೇ ಆಗಲಿ ಮುಖಕ್ಕೆ ಹೊಡೆದ ಹಾಗೆ ಹೇಳಿ ವಾಪಸು ಕಳಿಸುವವಳು ನಾನು. ಅಂಥವಳು ಜಲಜಾಕ್ಷಿಯ ಹತ್ತಿರ ಬೇರಿನ ವಿಷಯ ಎತ್ತಲಾರದೆ ಹೋದೆ. ಯಾಕೆಂದರೆ ಆ ಮಿಡಿ. ಪ್ರತಿ ವರ್ಷ ಇಳಿಸಿದ ಮೊದಲ ಮಿಡಿ ದೇವರ ಮುಂದೆ, ಅದಾದ ಮೇಲಿನ ಬುಟ್ಟಿ ನನ್ನ ಮನೆಗೆ. ಶೃಂಗೇರಿಯಿಂದ, ಎನ್.ಆರ್. ಪುರದಿಂದ ಅವಳ ನೆಂಟರು ಬಂದು ಉಪ್ಪಿನಕಾಯಿಗೆ ಮಿಡಿ ಕೇಳುತ್ತಿದ್ದರು, ಅವರಿಗಿಂತ ಮುಂಚೆ ನನಗೆ. ಬುಟ್ಟಿ ಇಸಕೊಂಡ ಬಾಯಲ್ಲಿ ದೂರು ಹೇಳುವುದು ಹೇಗೆ? ದಾಕ್ಷಿಣ್ಯ. ಈ ಸಲದ ಮಿಡಿ ಮುಗಿಯಲಿ, ಆಮೇಲೆ ಹೇಳೋಣ — ಹೀಗೆನ್ನುತ್ತ ವರ್ಷಗಳೇ ಹೋದವು. ನಗುನಗುತ್ತ ಇಸಕೊಳ್ಳುತ್ತಿದ್ದೆ, ಒಳಗೊಳಗೇ ಕುದಿಯುತ್ತಿದ್ದೆ. ಒಂದು ಮಾತು ಹೇಳಿದ್ದರೆ ಅವಳು ಅವತ್ತೇ ಆಳು ಕರೆಸಿ ಬೇರು ಕಡಿಸುತ್ತಿದ್ದಳು. ಅದೂ ನನಗೆ ಗೊತ್ತಿತ್ತು.

ಮೊದಲು ಇಂಗು ಹಾಕಿದೆ. ಮರಕ್ಕೆ ತೂತು ಕೊರೆದು ಇಂಗು ತುಂಬಿದರೆ ಒಣಗುತ್ತದೆ ಅನ್ನುತ್ತಾರಲ್ಲ — ನನ್ನ ನೆಲದಲ್ಲಿ ಎದ್ದಿದ್ದ ಬೇರಿಗೆ ತುಂಬಿ ನೋಡಿದೆ. ಮರ ಇನ್ನಷ್ಟು ಚಿಗುರಿತು. ನಿಮಗೆ ನಗು ಬರಬಹುದು, ನನಗೆ ಸಿಟ್ಟು ನೆತ್ತಿಗೇರಿತು. ಮಳೆಗಾಲ ಕಳೆದ ಮೇಲೆ ಜಲಜಾಕ್ಷಿ ಮಗಳ ಮನೆಗೆಂದು ಹೋಗಿದ್ದಾಗ ಅವಳ ಹಿತ್ತಲಿಗೇ ಹೋದೆ. ಹಾಡುಹಗಲು. ಬುಡಕ್ಕೆ ಕೊರೆದು, ಕಳೆ ಸಾಯಿಸುವ ಔಷಧಿಯನ್ನು ನೀರು ಬೆರೆಸದೆ ಹೊಯ್ದು, ಮೇಲೆ ಮಣ್ಣು ಮೆತ್ತಿದೆ. ನನ್ನ ಕಡೆ ಬಂದ ಬೇರು ಮಾತ್ರ ಸಾಯಲಿ ಅಂದುಕೊಂಡೆನೇ? ಇಲ್ಲ. ಇಡೀ ಮರವೇ ಹೋಗಲಿ ಅಂದುಕೊಂಡೆ. ಇಲ್ಲಾದರೂ ಸುಳ್ಳು ಹೇಳಬಾರದು.

ಹೂ ಬಿಡಬೇಕಾದ ಹೊತ್ತಿಗೆ ಎಲೆಯೆಲ್ಲ ಉದುರಿತು. ಜಲಜಾಕ್ಷಿ ದಿನಾ ಬುಡದಲ್ಲಿ ನಿಂತು ತೊಗಟೆ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಎಲ್ಲಿ ಆ ಮಣ್ಣು ಕೆದಕಿಬಿಡುತ್ತಾಳೋ ಎಂದು ನನಗೆ ಕೂತಲ್ಲಿ ಕೂರಲಾಗಲಿಲ್ಲ. ನೋಡಲು ಬಂದವಳ ಹಾಗೆ ಹೋಗಿ ಪಕ್ಕದಲ್ಲಿ ನಿಂತೆ. ಮಿಡಿ ಉಪ್ಪಿಗೆ ಹಾಕಿದ ಮೇಲೆ ಉಳಿದ ನೀರನ್ನು ಅವಳು ಹಿತ್ತಲಲ್ಲಿ ಚೆಲ್ಲುವುದು ನೆನಪಾಯಿತು — ಬಾಯಿಂದ ಬಂದೇಬಿಟ್ಟಿತು.

"ಮಿಡಿಯ ಉಪ್ಪುನೀರು ಇಲ್ಲೇ ಬುಡಕ್ಕೆ ಹೊಯ್ತಿದ್ದೆಯಲ್ಲೇ ಮಾರಾಯ್ತಿ. ಅದ್ರಿಂದಲೇ ಇರ್ಬೇಕು."

ಅವಳ ಮುಖ ಬಿಳಿಚಿಕೊಂಡಿತು. ಹೌದೇನೇ, ಎಂದು ಮೆಲ್ಲಗೆ ಕೇಳಿದಳು. ಹೌದೆಂದು ತಲೆಯಾಡಿಸಿದೆ.

ಮರ ಕೊಂದದ್ದು ಒಂದು. ಇದು ಮತ್ತೊಂದು. ಇದೇ ನನ್ನನ್ನು ತಿನ್ನುತ್ತಿರುವುದು. ಜಲಜಾಕ್ಷಿಯ ಕೈಗುಣವೆಂದರೆ ಓಣಿಗೆಲ್ಲ ಹೆಸರು. ಯಾರ ಮನೆಯ ಮಿಡಿಗಾದರೂ ಉಪ್ಪು ಹಾಕಲು ಅವಳನ್ನು ಕರೆಯುತ್ತಿದ್ದರು, ವೀಳ್ಯದೆಲೆಯ ಬಳ್ಳಿ ನೆಡಲು ಅವಳೇ ಆಗಬೇಕು. ನನ್ನ ಆ ಒಂದು ಮಾತಿನ ಮೇಲೆ ಅವಳು ಎಲ್ಲಿಗೂ ಹೋಗಲಿಲ್ಲ. ಕರೆಯಲು ಬಂದವರಿಗೆ ತನ್ನ ಕೈ ಕೆಟ್ಟಿದೆ, ಬೇರೆ ಯಾರನ್ನಾದರೂ ನೋಡಿ ಎನ್ನುತ್ತಿದ್ದಳು. ಹೆತ್ತ ಮಗುವಿನ ಹಾಗೆ ನೋಡಿಕೊಂಡ ಮರವನ್ನು ತಾನೇ ಉಪ್ಪು ಹೊಯ್ದು ಕೊಂದೆನೆಂದು ಬಂದವರೆದುರೆಲ್ಲ ಹೇಳಿಕೊಂಡಳು. ಕಟ್ಟೆಯ ತುಳಸಿ ಒಣಗಿದಾಗ ಹೊಸ ಸಸಿಯನ್ನು ಸೊಸೆಯ ಕೈಯಲ್ಲಿ ನೆಡಿಸಿದಳಂತೆ. ಇದನ್ನೆಲ್ಲ ಗಿರಣಿಗೆ ಬಂದವರು ನನಗೇ ಬಂದು ಹೇಳುವರು. ಛೇ ಪಾಪ, ಎನ್ನುವೆ. ಹೊಸ ನೆಲ ಹಾಕಿಸಿದ್ದೆ, ಬೆಲ್ಟು ಕಳಚುವುದು ನಿಂತಿತ್ತು, ಆದರೆ ಅವಳ ಬಳೆಯ ಸದ್ದು ಗೋಡೆಯಾಚೆ ಕೇಳಿದರೆ ಸಾಕು ನಾನು — ಎದ್ದು ಎಲ್ಲಿಗಾದರೂ ಹೊರಟುಬಿಡುತ್ತಿದ್ದೆ. ಎಷ್ಟೋ ಸಲ ಹೇಳಬೇಕೆಂದು ಅವಳ ಅಂಗಳದವರೆಗೆ ಹೋದೆ. ಕೊತ್ತಂಬರಿ ಸೊಪ್ಪು ಇದೆಯೇನೇ ಎಂದು ಕೇಳಿ ಬಂದೆ.

ನಿನ್ನೆ ಬೆಳಿಗ್ಗೆ ಅವಳೇ ಬಂದಳು. ಕೈಯಲ್ಲಿ ಅಪ್ಪೆಮಿಡಿಯ ಕಸಿಗಿಡ. ಎನ್.ಆರ್. ಪುರದಿಂದ ತರಿಸಿದ್ದಂತೆ.

"ವಸಂತೀ, ನೀನು ನೆಟ್ಟುಕೊಡೆ. ನನ್ನ ಕೈಗೆ ಬದುಕಲ್ಲ ಇದು."

ಗಿಡವನ್ನು ನನ್ನ ಕೈಗೇ ಇಟ್ಟಳು. ನನ್ನ ಕೈಗೆ! ರಾಗಿ ಬೀಸುತ್ತಿದ್ದೆ, ಮಷೀನು ಅಬ್ಬರಿಸುತ್ತಿತ್ತು. ಆ ಗದ್ದಲದಲ್ಲೇ ಹೇಳಿಬಿಟ್ಟೆ. ಅವಳಿಗೆ ಕೇಳಿಸಲಿಲ್ಲ. ಎಂತ, ಎಂದು ಕಿವಿ ಹತ್ತಿರ ತಂದಳು. ಆಗಲೂ ಏನೂ ಇಲ್ಲವೆಂದು ತೇಲಿಸಿಬಿಡಬಹುದಿತ್ತು. ಒಂದು ಗಳಿಗೆ ಅದನ್ನೂ ಯೋಚಿಸಿದೆ, ಯೋಚಿಸಲಿಲ್ಲ ಅನ್ನಲಾರೆ. ಸ್ವಿಚ್ಚು ಆರಿಸಿದೆ. ಮಷೀನು ನಿಲ್ಲುವವರೆಗೆ ಕಾದೆ. ಮತ್ತೆ ಹೇಳಿದೆ — ತೂತು, ಔಷಧಿ, ಮಣ್ಣು ಮೆತ್ತಿದ್ದು, ಎಲ್ಲ.

ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ಮರವನ್ನು ಯಾಕೆ ಕೊಂದೆ ಎಂದೂ ಕೇಳಲಿಲ್ಲ. ಕೇಳಿದ್ದು ಒಂದೇ.

"ಹಾಗಾದ್ರೆ ಉಪ್ಪುನೀರಲ್ವಾ?"

"ಅಲ್ಲ," ಅಂದೆ.

ನನ್ನ ಕೈಯಿಂದ ಗಿಡ ತೆಗೆದುಕೊಂಡು ಹೊರಟುಹೋದಳು.

ಸಂಜೆ ಗೋಡೆಯಾಚೆ ಹಾರೆಯ ಸದ್ದು. ಹಿಂದಿನ ಕಿಟಕಿಯಿಂದ ನೋಡಿದೆ. ಹಳೆಯ ಒಣಮರ ಕಡಿಸಿದ್ದ ಜಾಗದಲ್ಲೇ, ನನ್ನ ಗೋಡೆಯ ಪಕ್ಕದಲ್ಲೇ ಅವಳು ಗುಂಡಿ ತೋಡುತ್ತಿದ್ದಳು. ಸೊಸೆ ಸಹಾಯಕ್ಕೆ ಬಂದರೆ ಬೇಡವೆಂದಳು. ತಾನೇ ಗಿಡ ಇಳಿಸಿ, ತಾನೇ ಎರಡೂ ಕೈಯಿಂದ ಮಣ್ಣು ಒತ್ತಿದಳು. ತಲೆಯೆತ್ತಿದಾಗ ಕಿಟಕಿಯಲ್ಲಿ ನನ್ನನ್ನು ಕಂಡಳು. ನೋಡಿ, ಮತ್ತೆ ಬಗ್ಗಿ ಗಿಡಕ್ಕೆ ನೀರು ಹೊಯ್ದಳು. ಕ್ಷಮಿಸೆಂದು ಕೇಳಲು ನನಗೆ ಬಾಯಿ ಬರಲಿಲ್ಲ, ಕೇಳಬಾರದು ಎಂದೂ ಅನ್ನಿಸಿತು.

ಆ ಗಿಡ ಬದುಕುತ್ತದೆ. ಅದರ ಬೇರೂ ಒಂದು ದಿನ ನನ್ನ ನೆಲಕ್ಕೆ ಬರುತ್ತದೆ. ಬರಲಿ. ಮಷೀನನ್ನು ಆಚೆ ಮೂಲೆಗೆ ಸರಿಸುತ್ತೇನೆ. ಅದೂ ಆಗದಿದ್ದರೆ ಅವಳ ಮನೆಗೆ ಹೋಗಿ ಬಾಯಿಬಿಟ್ಟು ಹೇಳುತ್ತೇನೆ — ಅವಳು ಬಾಗಿಲು ತೆಗೆದರೆ.